ಹಡಗೇರುವ ಮುನ್ನವೇ ಲೆಕ್ಕ: ಕಡಲ ಸರಕಿನ ಮುಂಗಡ ಘೋಷಣೆ ಬೆಳೆದು ಬಂದ ಬಗೆ

ಕಡಲ ಮೂಲಕ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ಸರಕಿನ ವಿವರವನ್ನು, ಅದು ಹಡಗೇರುವ ಅಥವಾ ತಲುಪಬೇಕಾದ ಬಂದರನ್ನು ಮುಟ್ಟುವ ಮೊದಲೇ, ಸಂಬಂಧಪಟ್ಟ ಸುಂಕ ಇಲಾಖೆಗೆ ವಿದ್ಯುನ್ಮಾನ ರೂಪದಲ್ಲಿ ಒಪ್ಪಿಸುವ ಕ್ರಮಕ್ಕೆ ಮುಂಗಡ ಸರಕು ಘೋಷಣೆ ಎಂದು ಹೆಸರು. ಕಳೆದ ಎರಡು ದಶಕಗಳಲ್ಲಿ ಈ ಕ್ರಮ ಎರಡು ದಿಕ್ಕಿನಲ್ಲಿ ಬೆಳೆದಿದೆ. ಘೋಷಣೆಯ ಗಳಿಗೆ ಹಿಂದಕ್ಕೆ ಸರಿಯುತ್ತ ಹಡಗಿಗೆ ಸರಕು ತುಂಬುವುದಕ್ಕಿಂತಲೂ ಮೊದಲಿನ ಹಂತಕ್ಕೆ ಬಂದಿದೆ. ಘೋಷಿಸುವ ಹೊಣೆ ಹಡಗು ಕಂಪನಿಯೊಂದರಿಂದಲೇ ಹೊರಬಂದು, ಸರಕನ್ನು ನಿಜವಾಗಿ ಬಲ್ಲವರತ್ತ ಸಾಗಿದೆ. ಇವೆರಡರಲ್ಲಿ ಹೆಚ್ಚು ಮಹತ್ವದ್ದು ಎರಡನೆಯದು.

ಸರಕಿನ ವಿವರ ಕೇಳುವ ಪದ್ಧತಿ ಹೊಸದಲ್ಲ. ವರ್ತಕರು ಯಾರು, ಎಲ್ಲಿಂದ ಬಂದರು, ಎಷ್ಟು ಸರಕು ತಂದರು, ಅದಕ್ಕೆ ಮೊದಲ ಮುದ್ರೆ ಎಲ್ಲಿ ಬಿತ್ತು ಎಂಬುದನ್ನು ಸುಂಕದ ಕಟ್ಟೆಯಲ್ಲಿ ಬರೆದುಕೊಳ್ಳಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಆಧುನಿಕ ಕಾಲದಲ್ಲಿ ಈ ಕೆಲಸವನ್ನು ಮಾಡಿದ್ದು ಮ್ಯಾನಿಫೆಸ್ಟ್, ಅಂದರೆ ಹಡಗಿನಲ್ಲಿರುವ ಸಮಸ್ತ ಸರಕಿನ ಪಟ್ಟಿ. ಆದರೆ 1956ರ ನಂತರ ಕಂಟೇನರ್ ಸಾಗಣೆ ಹಬ್ಬಿದಂತೆ ಈ ಪಟ್ಟಿಯ ತಳಹದಿಯೇ ಸಡಿಲವಾಯಿತು. ಸರಕನ್ನು ದೂರದ ಗೋದಾಮಿನಲ್ಲಿ ತುಂಬಿ ಮೊಹರು ಹಾಕಿ ಕಳಿಸುವುದರಿಂದ, ಕಂಟೇನರಿನ ಒಳಗೆ ಏನಿದೆ ಎಂಬುದನ್ನು ಹಡಗಿನವರು ಕಣ್ಣಾರೆ ಕಾಣುವುದಿಲ್ಲ. ಸಾಗಣೆಯ ಕರಾರು ಪತ್ರವಾದ ಬಿಲ್ ಆಫ್ ಲೇಡಿಂಗ್‌ನಲ್ಲಿ 'ಒಳಗೆ ಇಂಥದ್ದಿದೆ ಎಂದು ಹೇಳಲಾಗಿದೆ' ಎಂಬ ಒಕ್ಕಣೆ ರೂಢಿಗೆ ಬಂದಿತು. ಮ್ಯಾನಿಫೆಸ್ಟ್ ಬಹುಮಟ್ಟಿಗೆ ಕೇಳಿದ ಮಾತಿನ ದಾಖಲೆಯಾಯಿತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಈ ಸಡಿಲತೆ ಭದ್ರತೆಯ ಪ್ರಶ್ನೆಯಾಗಿ ಕಾಣಿಸಿತು. ಅಪಾಯಕಾರಿ ಕಂಟೇನರ್ ತನ್ನ ಬಂದರಿಗೆ ಬಂದಿಳಿದ ಮೇಲೆ ಪತ್ತೆಯಾದರೆ ಪ್ರಯೋಜನವಿಲ್ಲವೆಂದು ಮನಗಂಡ ಅಮೆರಿಕ, 2002ರಲ್ಲಿ ವಿದೇಶಿ ಬಂದರುಗಳಲ್ಲೇ ತಪಾಸಣೆ ನಡೆಸುವ ಕಂಟೇನರ್ ಭದ್ರತಾ ಯೋಜನೆಯನ್ನು ಆರಂಭಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾರಿಗೆ ಬಂದ 24 ಗಂಟೆಗಳ ನಿಯಮವು, ವಿದೇಶಿ ಬಂದರಿನಲ್ಲಿ ಕಂಟೇನರನ್ನು ಹಡಗಿಗೆ ಏರಿಸುವುದಕ್ಕೆ 24 ಗಂಟೆ ಮೊದಲೇ ಅದರ ವಿವರ ಸಲ್ಲಿಸಬೇಕೆಂದು ಕಡ್ಡಾಯಗೊಳಿಸಿತು. 'ಎಲ್ಲ ಬಗೆಯ ಸರಕು' ಎಂಬಂಥ ಮೊಗಮ್ಮಾದ ವಿವರಣೆಗಳು ಇನ್ನು ಸಲ್ಲುವುದಿಲ್ಲವೆಂದು ಅದು ಸ್ಪಷ್ಟಪಡಿಸಿತಲ್ಲದೆ, ಸಂಶಯ ಬಂದರೆ 'ಹಡಗಿಗೆ ಏರಿಸಬೇಡಿ' ಎಂದು ಸೂಚಿಸುವ ಅಧಿಕಾರವನ್ನೂ ಸುಂಕ ಇಲಾಖೆಗೆ ಕೊಟ್ಟಿತು.

ಆದರೂ ಮಾಹಿತಿ ಬರುತ್ತಿದ್ದುದು ಹಡಗು ಕಂಪನಿಗಳು ಮತ್ತು ಸ್ವಂತ ಹಡಗಿಲ್ಲದ ಸಾಗಣೆದಾರರಿಂದ ಮಾತ್ರ. ಈ ಕೊರತೆಯನ್ನು ತುಂಬಲು 2009ರ ಜನವರಿಯಲ್ಲಿ ಜಾರಿಗೆ ಬಂದದ್ದೇ 'ಹತ್ತು ಪ್ಲಸ್ ಎರಡು' ಎಂದು ಹೆಸರಾದ ಆಮದುದಾರರ ಭದ್ರತಾ ಘೋಷಣೆ. ತಯಾರಕರು, ಮಾರಿದವರು, ಕೊಂಡವರು, ಸರಕಿನ ಮೂಲ ದೇಶ, ಕಂಟೇನರ್ ತುಂಬಿದ ಸ್ಥಳ ಮೊದಲಾದ ಹತ್ತು ವಿವರಗಳನ್ನು ಆಮದುದಾರರು ಕೊಡಬೇಕು. ಹಡಗಿನಲ್ಲಿ ಯಾವ ಕಂಟೇನರ್ ಎಲ್ಲಿದೆ ಎಂಬ ಜೋಡಣೆಯ ನಕ್ಷೆ ಮತ್ತು ಕಂಟೇನರಿನ ಚಲನವಲನದ ಸಂದೇಶಗಳು ಎಂಬ ಎರಡನ್ನು ಹಡಗು ಕಂಪನಿ ಕೊಡಬೇಕು. ಅಮೆರಿಕಕ್ಕೆ ಬರುವ ಪ್ರತಿಯೊಂದು ಕಂಟೇನರನ್ನೂ ವಿದೇಶದಲ್ಲೇ ಸ್ಕ್ಯಾನ್ ಮಾಡಬೇಕೆಂದು 2007ರ ಕಾನೂನೊಂದು 2012ರ ಗಡುವು ವಿಧಿಸಿತ್ತು, ಆದರೆ ಆ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಎಲ್ಲವನ್ನೂ ತೆರೆದು ನೋಡಲಾಗದ ಕಡೆ ಯಾವುದನ್ನು ನೋಡಬೇಕೆಂದು ಆರಿಸಿಕೊಡುವುದು ಮಾಹಿತಿಯೇ ಎಂಬ ತತ್ವ ಹೀಗೆ ಅನುಭವದಿಂದಲೇ ಗಟ್ಟಿಯಾಯಿತು.

ಈ ತತ್ವಕ್ಕೆ ಅಂತಾರಾಷ್ಟ್ರೀಯ ಮನ್ನಣೆ ಇದಕ್ಕೂ ಮೊದಲೇ ದೊರೆತಿತ್ತು, 2005ರ ಜೂನ್‌ನಲ್ಲಿ, ವಿಶ್ವ ಸುಂಕ ಸಂಸ್ಥೆಯು ಸರಕು ಸಾಗಣೆಯ ಭದ್ರತಾ ಮಾನದಂಡಗಳ 'ಸೇಫ್' ಚೌಕಟ್ಟನ್ನು ಅಂಗೀಕರಿಸಿದಾಗ. ಅದರ ಹಿಂದುಮುಂದಿನ ವರ್ಷಗಳಲ್ಲಿ ಕೆನಡಾ 2004ರಲ್ಲಿ, ಚೀನಾ 2009ರಲ್ಲಿ, ಜಪಾನ್ 2014ರಲ್ಲಿ ತಮ್ಮದೇ ನಿಯಮಗಳನ್ನು ತಂದವು. 2011ರಲ್ಲಿ ಮುಂಗಡ ಘೋಷಣೆಯನ್ನು ಕಡ್ಡಾಯಗೊಳಿಸಿದ ಐರೋಪ್ಯ ಒಕ್ಕೂಟವು, 'ಐಸಿಎಸ್2' ಎಂಬ ಹೊಸ ವ್ಯವಸ್ಥೆಯನ್ನು 2024ರ ಜೂನ್‌ನಿಂದ ಕಡಲ ಸಾಗಣೆಗೆ ವಿಸ್ತರಿಸಿತು. ಹಡಗು ಕಂಪನಿಯು ಕೊಡುವ ಮಾಸ್ಟರ್ ಬಿಲ್‌ನ ಕೆಳಗೆ, ಹಲವರ ಸರಕನ್ನು ಒಟ್ಟುಗೂಡಿಸುವ ಫ್ರೈಟ್ ಫಾರ್ವರ್ಡರುಗಳು ಒಬ್ಬೊಬ್ಬ ರಫ್ತುದಾರನಿಗೂ ಕೊಡುವ ಹೌಸ್ ಬಿಲ್ ಇರುತ್ತದೆ. ಆ ಮಟ್ಟದ ವಿವರವೂ ಆರಂಕಿಯ ಸರಕು ಸಂಕೇತವೂ ಈಗ ಅಗತ್ಯ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಇಟಲಿಗೆ ಹೋಗುವಾಗ ಪತ್ರದಲ್ಲಿ ಬರಿದೇ 'ಆಹಾರ ಪದಾರ್ಥ' ಎಂದು ಬರೆದರೆ ಸಾಲದು. ಹುರಿಯದ, ಕೆಫೀನ್ ತೆಗೆಯದ ಕಾಫಿ ಬೀಜ ಎಂಬ ವಿವರವೂ 090111 ಎಂಬ ಸಂಕೇತವೂ ಒಂದಕ್ಕೊಂದು ತಾಳೆಯಾಗಬೇಕು.

ಭಾರತದಲ್ಲಿ 1962ರ ಸುಂಕ ಕಾಯಿದೆಯ 30ನೇ ಕಲಮು ಆಮದು ಸರಕಿನ ಪಟ್ಟಿಯನ್ನು ಬಹುಕಾಲದಿಂದ ಕೇಳುತ್ತ ಬಂದಿದೆ. 1971 ಮತ್ತು 1976ರ ಹಳೆಯ ವಿನಿಯಮಗಳ ಜಾಗಕ್ಕೆ 2018ರ ಮೇ ತಿಂಗಳಲ್ಲಿ ಹೊರಬಂದ ಕಡಲ ಸರಕು ಮ್ಯಾನಿಫೆಸ್ಟ್ ಮತ್ತು ಹಡಗು ಬದಲಾವಣೆ ವಿನಿಯಮಗಳು, ಹಡಗು ಕೊನೆಯ ವಿದೇಶಿ ಬಂದರನ್ನು ಬಿಡುವ ಮೊದಲೇ ಪಟ್ಟಿ ಸಲ್ಲಿಸಬೇಕೆಂಬ ತತ್ವವನ್ನು ತಂದು, ಫ್ರೈಟ್ ಫಾರ್ವರ್ಡರುಗಳನ್ನೂ ನೋಂದಣಿಯ ವ್ಯಾಪ್ತಿಗೆ ಸೇರಿಸಿದವು. ಬಂದರು, ಕಂಪನಿ, ಮಧ್ಯವರ್ತಿಗಳ ಗಣಕ ವ್ಯವಸ್ಥೆಗಳು ಒಂದಕ್ಕೊಂದು ಹೊಂದಿಕೊಳ್ಳಲು ಕಾಲ ಬೇಕಾದುದರಿಂದ ಇದರ ಪೂರ್ಣ ಜಾರಿ ಹಲವು ಬಾರಿ ಮುಂದೂಡಲ್ಪಟ್ಟಿತು.

ಭದ್ರತೆಗಾಗಿ ಹುಟ್ಟಿದ ಈ ಶಿಸ್ತಿನ ಬೆಲೆ ಅವಘಡಗಳಲ್ಲೂ ತಿಳಿಯುತ್ತದೆ. 2025ರ ಮೇ 25ರಂದು ಕೊಚ್ಚಿ ಸಮೀಪ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ 12 ಕಂಟೇನರುಗಳಲ್ಲಿ, ನೀರು ತಗುಲಿದರೆ ಹೊತ್ತಿಕೊಳ್ಳುವ ಅನಿಲವನ್ನು ಹೊರಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಎರಡು ವಾರಗಳ ನಂತರ ಕೇರಳದಾಚೆಯ ಕಡಲಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದು, ಪಾರಾದ 18 ನಾವಿಕರನ್ನು ಮಂಗಳೂರಿಗೆ ಕರೆತರಲಾಯಿತು. ಇಂಥ ಹೊತ್ತಿನಲ್ಲಿ ಯಾವ ಕಂಟೇನರಿನಲ್ಲಿ ಏನಿದೆ ಎಂಬ ಒಂದು ಸಾಲಿನ ಮೇಲೆ ರಕ್ಷಣೆಗೆ ಹೋದವರ ಜೀವವೂ ಕರಾವಳಿಯ ಮೀನುಗಾರರ ಬದುಕೂ ನಿಂತಿರುತ್ತದೆ.

ಒಂದೊಂದು ದೇಶ ಒಂದೊಂದು ನಮೂನೆಯಲ್ಲಿ ಅದೇ ಮಾಹಿತಿಯನ್ನು ಕೇಳುವುದರಿಂದ ಸಣ್ಣ ರಫ್ತುದಾರರ ಮೇಲೆ ಬೀಳುವ ಹೊರೆ ಕಡಿಮೆಯಲ್ಲ; ನಮೂನೆಗಳನ್ನು ಏಕರೂಪಗೊಳಿಸುವುದು ಮುಂದಿನ ಹಂತದ ಮುಖ್ಯ ಕೆಲಸ. ಆದರೆ ಯಾವ ಗಣಕ ವ್ಯವಸ್ಥೆಯೂ ಮೂಲದಲ್ಲಿ ಸುಳ್ಳಾಗಿ ಬರೆದುದನ್ನು ತಾನಾಗಿ ನಿಜಮಾಡಲಾರದು. ಆದ್ದರಿಂದ ಸರಕನ್ನು ಕಣ್ಣಾರೆ ಕಂಡು ತುಂಬಿದವರ ಮಾತು ನೇರವಾಗಿ ಸುಂಕ ಇಲಾಖೆಗೆ ಮುಟ್ಟುವಂತೆಯೂ, ಆ ಮಾತಿಗೆ ಅವರೇ ಹೊಣೆಯಾಗುವಂತೆಯೂ ನೋಡಿಕೊಳ್ಳುವ ನಿಯಮವೇ ಹೆಚ್ಚು ಕಾಲ ನಿಲ್ಲುವಂಥದ್ದು.