ಮುರಕ್ಕಾದಿಂದ ಕಂಪ್ಯೂಟರ್ ಪರದೆಗೆ

ಕಂಪ್ಯೂಟರಿನಲ್ಲಿ ಫೋಟೋ, ಬಣ್ಣದ ಅಂಚು, ನಾಲ್ಕು ಸಾಲು ಬರಹ ಜೋಡಿಸಿ ಸ್ಕ್ರಾಪ್‌ಬುಕ್ ಪುಟ ಮಾಡುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಇದು ನಿನ್ನೆ ಮೊನ್ನೆಯದೆಂದು ಭಾವಿಸಬೇಡಿ. ಪರ್ಷಿಯಾದಲ್ಲಿ, ಅನಂತರ ಮೊಘಲರ ಆಸ್ಥಾನದಲ್ಲಿ, ಬೇರೆ ಬೇರೆ ಕಲಾವಿದರ ಚಿತ್ರಗಳನ್ನೂ ಸುಂದರ ಲಿಪಿಯ ಹಾಳೆಗಳನ್ನೂ ಅಂಟಿಸಿ, ಸುತ್ತ ಹೂಬಳ್ಳಿ ಬಿಡಿಸಿ ಹೊತ್ತಗೆ ಕಟ್ಟುತ್ತಿದ್ದರು. ಅದೇ ಮುರಕ್ಕಾ, ಅರಬಿಯಲ್ಲಿ ‘ತೇಪೆ ಹಾಕಿದ್ದು’ ಎಂದರ್ಥ.

ಷಹಜಹಾನನ ಹಿರಿಯ ಮಗ ದಾರಾ ಶಿಕೋ ಅಂಥದೊಂದನ್ನು ಪತ್ನಿ ನಾದಿರಾ ಬಾನು ಬೇಗಂಗೆ ಕೊಟ್ಟ. ಕೊಟ್ಟದ್ದನ್ನು ಅದರಲ್ಲೇ ಬರೆದೂ ಇಟ್ಟ. 1659ರಲ್ಲಿ ಪಲಾಯನದ ಹಾದಿಯಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷ ಔರಂಗಜೇಬನ ಆಜ್ಞೆಯಂತೆ ದಾರಾನ ಕೊಲೆಯಾಯಿತು. ಆಲ್ಬಂ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದು ಯಾರು ಯಾರಿಗೆ ಕೊಟ್ಟದ್ದೆಂದು ನಮಗೆ ತಿಳಿಸುವುದು ಆ ಬರಹವೇ.

ಅಮೆರಿಕದಲ್ಲಿ ಮಾರ್ಕ್ ಟ್ವೇನ್ 1873ರಲ್ಲಿ ಮೊದಲೇ ಗೋಂದು ಹಚ್ಚಿದ ಸ್ಕ್ರಾಪ್‌ಬುಕ್ಕಿಗೆ ಪೇಟೆಂಟ್ ಪಡೆದ. ನೀರು ಸವರಿದರೆ ಸಾಕು! 1994ರಲ್ಲಿ ಫೋಟೋಶಾಪ್‌ಗೆ ಲೇಯರ್ ಸೌಲಭ್ಯ ಬಂದ ಮೇಲೆ ಗೋಂದೂ ಬೇಡವಾಯಿತು. ಒಂದರ ಮೇಲೊಂದು ಇಟ್ಟ ಚಿತ್ರವನ್ನು ಬೇಕಾದಾಗ ಎತ್ತಿ ಸರಿಸಬಹುದು. ಆದರೆ ಕ್ಯಾಮೆರಾ ಫೈಲಿಗೆ ಕೊಡುವುದು ಬರೀ ಒಂದು ನಂಬರು. ಮನೆಯ ಹಳೆಯ ಫೋಟೋ ಸ್ಕ್ಯಾನ್ ಮಾಡುವಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ ಪುಟದ ಮೂಲೆಯಲ್ಲೇ ಟೈಪ್ ಮಾಡಿ.