ಅಬ್ಬಲೂರಿನ ಶಾಸನ ಮತ್ತು ಬಿಜ್ಜಳನ ಜಯಪತ್ರ: ಒಂದು ಮರುವಿಚಾರ

ಹಿರೇಕೆರೂರು ಸೀಮೆಯ ಅಬ್ಬಲೂರಿನ (ಇಂದಿನ ಅಬಲೂರು) ಸೋಮೇಶ್ವರ ಗುಡಿಯ ಶಾಸನಗಳನ್ನು ಜೆ. ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿ ನೂರಿಪ್ಪತ್ತು ವರ್ಷಗಳ ಮೇಲಾಯಿತು. ಏಕಾಂತದ ರಾಮಯ್ಯನ ಕಥೆ ಹೇಳುವ ದೊಡ್ಡ ಶಾಸನವನ್ನು ಅಂದಿನಿಂದ ಓದಿದವರಿಗಿಂತ ಉದ್ಧರಿಸಿದವರೇ ಹೆಚ್ಚು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆಯ ವೇದಿಕೆಗಳಲ್ಲಿಯೂ ಅದಕ್ಕೆ ಎರಡು ಬಗೆಯ ವ್ಯಾಖ್ಯಾನ ಸಿಗುತ್ತದೆ. ಕನ್ನಡ ನಾಡಿನಲ್ಲಿ ಜೈನರ ನರಮೇಧ ನಡೆಯಿತೆಂಬುದಕ್ಕೆ ಇದೇ ಸಾಕ್ಷಿ ಎನ್ನುತ್ತದೆ ಒಂದು ಪಕ್ಷ. ಇದೊಂದು ಪವಾಡದ ಕಥೆ, ವಾದದಲ್ಲಿ ಸೋತವರ ಪ್ರಸಂಗ, ಅಷ್ಟಕ್ಕೇ ಇಷ್ಟೊಂದು ಗದ್ದಲ ಬೇಡ ಎನ್ನುತ್ತದೆ ಇನ್ನೊಂದು. ಎರಡೂ ಪಕ್ಷಗಳು ಶಾಸನದ ಕೊನೆಯ ಭಾಗಕ್ಕೆ, ಅಂದರೆ ಕಳಚುರಿ ಅರಸ ಬಿಜ್ಜಳನ ಮುಂದೆ ನಡೆದ ವಿಚಾರಣೆಗೆ, ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತವೆ.

ಈ ಅಸಡ್ಡೆಗೆ ಮೂಲಪುರುಷ ಫ್ಲೀಟ್‌ನೇ. ಆತನ ಪಾಠವನ್ನು ನಾನು ಇಂದಿಗೂ ನೆಚ್ಚುತ್ತೇನೆ, ಊಹೆಯನ್ನಲ್ಲ. ವೀರಶೈವದ ಪುನರುತ್ಥಾನಕ್ಕೆ ಬಸವಣ್ಣನಿಗಿಂತ ರಾಮಯ್ಯನೇ ಕಾರಣನಿರಬೇಕೆಂದು ತೋರಿಸುವ ಹಟ ಆತನಿಗಿತ್ತು. ಬಸವಣ್ಣನ ವಂಶವನ್ನು ಹೇಳುವ 1260ರ ಅರ್ಜುನವಾಡ ಶಾಸನ ಬೆಳಕಿಗೆ ಬಂದ ಮೇಲೆ ಆ ಹಟಕ್ಕೆ ಬುಡವಿಲ್ಲವಾಯಿತು. ಆದರೆ ಪಂಥದ ಸ್ಥಾಪಕ ಯಾರೆಂಬ ಆ ಚರ್ಚೆ ಶಾಸನದೊಳಗಿನ ದೂರು, ವಿಚಾರಣೆ, ತೀರ್ಪುಗಳನ್ನು ಪಕ್ಕಕ್ಕೆ ತಳ್ಳಿಬಿಟ್ಟಿತ್ತು. ಅವು ಇನ್ನೂ ಅಲ್ಲಿಯೇ ಬಿದ್ದಿವೆ.

ರಾಮಯ್ಯ ಆಳಂದೆಯವನು. ಪುಲಿಗೆರೆಯ ಸೋಮನಾಥನ ಅಪ್ಪಣೆಯಂತೆ ಅಬ್ಬಲೂರಿಗೆ ಬಂದವನು. ಊರ ಗೌಡ ಸಂಕಗಾವುಂಡನ ನೇತೃತ್ವದಲ್ಲಿ ಜೈನರು ಆತನಿಗೆ ಎದುರಾದರು. ತಲೆ ಕತ್ತರಿಸಿ ಶಿವನಿಗೊಪ್ಪಿಸಿ ಮರಳಿ ಪಡೆಯುವ ಪಣ ಓಲೆಯ ಮೇಲೆ ಬರವಣಿಗೆಯಾಯಿತು. ಏಳು ದಿನದ ನಂತರ ತಲೆ ಕೂಡಿಕೊಂಡಿತು. ಜೈನರು ಮಾತಿನಂತೆ ನಡೆಯದಿರಲು ರಾಮಯ್ಯ ಜಿನಬಿಂಬವನ್ನು ಒಡೆದ, ಅಡ್ಡ ಬಂದವರು ಚದುರಿದರು. ಇಷ್ಟು ಎಲ್ಲರಿಗೂ ಗೊತ್ತು. ಗುಡಿಯ ಶಿಲ್ಪಪಟ್ಟಿಕೆಗಳೂ, ಅವುಗಳ ಮೇಲಿನ ಕಿರುಬರಹಗಳೂ ಇದನ್ನೇ ಹೇಳುತ್ತವೆ.

ಮೊದಲು ನರಮೇಧದ ಮಾತು. ಈ ಶಾಸನದಲ್ಲಿ ಜೈನರ ಸಾಮೂಹಿಕ ಕೊಲೆಯ ಉಲ್ಲೇಖವಿಲ್ಲ. ಅದು ಗೆದ್ದವರ ದಾಖಲೆ, ಬರೆಸಿದ್ದು ಹಾನಗಲ್ಲ ಕದಂಬ ಕಾಮದೇವನ ಕಾಲದಲ್ಲಿ, 1200ರ ಸುಮಾರಿಗೆ. ಬಿಂಬ ಒಡೆದುದನ್ನು ಎದೆಯುಬ್ಬಿಸಿ ಹೇಳಿಕೊಳ್ಳುವ ಕವಿ, ಕೊಲೆ ನಡೆದಿದ್ದರೆ ಅದನ್ನು ನಾಚಿಕೆಯಿಂದ ಮುಚ್ಚಿಡುತ್ತಿದ್ದನೇ? ಶ್ರೀಶೈಲದ 1512ರ ಶಾಸನದಲ್ಲಿ ಲಿಂಗನೆಂಬ ವೀರಶೈವ ನಾಯಕ ಶ್ವೇತಾಂಬರ ಜೈನರ ತಲೆ ಕತ್ತರಿಸಿದ್ದು ಅವನ ಬಿರುದಾಗಿಯೇ ಬಂದಿದೆ. ಹೇಳಿಕೊಳ್ಳುವವರು ಹೇಳಿಕೊಳ್ಳುತ್ತಾರೆ. ಶ್ರೀಶೈಲದ ರಕ್ತವನ್ನು ಮುನ್ನೂರು ವರ್ಷ ಹಿಂದಕ್ಕೆ ಹರಿಸಿ ಅಬ್ಬಲೂರಿನ ಕಲ್ಲಿಗೆ ಹಚ್ಚುವುದು ಸಂಶೋಧನೆಯಲ್ಲ. ಇನ್ನೂ ಒಂದು ಮಾತು: ಪುಲಿಗೆರೆಯ, ಅಂದರೆ ಲಕ್ಷ್ಮೇಶ್ವರದ, ಶಂಖಬಸದಿ ಇಂದಿಗೂ ನಿಂತಿದೆ. (ಜೈನಧರ್ಮದ ಇಳಿಕೆಗೆ ದಾನಿಗಳು, ವರ್ತಕರು, ರಾಜಾಶ್ರಯ ಕೈಬಿಟ್ಟದ್ದೇ ದೊಡ್ಡ ಕಾರಣವೆಂಬ ವಾದಕ್ಕೆ ನಾನೂ ಸೇರಿದವನು. ಆದರೆ ಆ ಆಶ್ರಯ ಯಾವ ರೀತಿಯಲ್ಲಿ ಕೈಬಿಟ್ಟಿತು ಎಂದು ಕೇಳದೆ ಬಿಟ್ಟರೆ ಆ ವಾದವೂ ಅರ್ಧದ್ದೇ.)

ಅದಕ್ಕೇ ವಿಚಾರಣೆಯ ಭಾಗ ಮುಖ್ಯ. ಬಿಂಬ ಒಡೆದ ಮೇಲೆ ಜೈನರು ದೊಣ್ಣೆ ಹಿಡಿಯಲಿಲ್ಲ, ಬಿಜ್ಜಳನಲ್ಲಿಗೆ ಹೋಗಿ ದೂರು ಕೊಟ್ಟರು. ಅರಸ ಸಿಟ್ಟಾಗಿ ರಾಮಯ್ಯನನ್ನು ಕರೆಸಿದ. ರಾಮಯ್ಯ ಓಲೆಯನ್ನು ಮುಂದಿಟ್ಟು, ಪಣವನ್ನು ಹಿಗ್ಗಿಸಿದ: ಆನೆಸೆಜ್ಜೆ ಬಸದಿ ಸೇರಿ ನೂರಾರು ಬಸದಿಗಳನ್ನು ಜೈನರು ಒತ್ತೆಯಿಡಲಿ, ತಾನು ಮತ್ತೊಮ್ಮೆ ತಲೆ ಕೊಡುತ್ತೇನೆ ಎಂದ. ಆಗ ಜೈನರು ಕೊಟ್ಟ ಉತ್ತರವನ್ನು ವಿರೋಧಿಗಳ ಶಾಸನವೇ ಉಳಿಸಿಕೊಂಡಿದೆ: ನಾವು ಬಂದದ್ದು ಬಿಂಬ ಒಡೆದುದರ ದೂರಿಗೆ, ಹೊಸ ಪಣಕ್ಕಲ್ಲ. ಇದನ್ನು ಹೇಡಿತನವೆಂದು ತೋರಿಸುವುದು ಶಾಸನಕವಿಯ ಉದ್ದೇಶ, ನಮ್ಮ ಪಂಡಿತರೂ ಹಾಗೆಯೇ ಓದಿದ್ದಾರೆ. ನ್ಯಾಯಾಲಯದ ಮೆಟ್ಟಿಲು ಹತ್ತಿದ ಯಾರಿಗಾದರೂ ಇದು ಸರಿಯಾದ ವಾದವೆಂದು ತಿಳಿದೀತು. ಒಂದು ಊರಿನ ಬಿಂಬದ ಮೇಲಿನ ದೂರಿಗೆ ಇಡೀ ಸಮುದಾಯದ ಬಸದಿಗಳನ್ನು ಜಾಮೀನಿಡಬೇಕೆನ್ನುವುದು ಯಾವ ನ್ಯಾಯ? ತಮಗೆ ಅನುಕೂಲವಲ್ಲದ ಮಾತನ್ನು ಗೆದ್ದವರೇ ಕೆತ್ತಿಸಿರುವುದರಿಂದ ಇದರ ಬೆಲೆ ಹೆಚ್ಚು. ತಲೆ ಕೂಡಿದ ಪವಾಡವನ್ನು ನಂಬದವರೂ ಈ ಸಾಲನ್ನು ನಂಬಬಹುದು.

ಬಿಜ್ಜಳ ನಕ್ಕ. ಜಗಳವಾಡದೆ ಹೋಗಿ ಇರಿ ಎಂದು ಜೈನರನ್ನು ಕಳುಹಿಸಿದ, ರಾಮಯ್ಯನಿಗೆ ಜಯಪತ್ರ ಕೊಟ್ಟ, ಗೋಗಾವೆ ಗ್ರಾಮವನ್ನೂ ದತ್ತಿಕೊಟ್ಟ. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರ ಅಬ್ಬಲೂರನ್ನೇ ಕೊಟ್ಟ, ಕಾಮದೇವ ಮಲ್ಲವಳ್ಳಿಯನ್ನು ಸೇರಿಸಿದ. ಪರಸ್ಪರ ವೈರದಲ್ಲಿದ್ದ ಕಳಚುರಿ, ಚಾಲುಕ್ಯ ಮನೆತನಗಳು ಈ ಒಂದು ವಿಷಯದಲ್ಲಿ ಒಂದಾಗಿದ್ದವು. ಬಿಜ್ಜಳ ಜೈನನೇ ಅಲ್ಲವೇ ಎಂಬ ಹಳೆಯ ಜಗಳಕ್ಕೆ ನಾನು ಇಳಿಯುವುದಿಲ್ಲ. ಇಲ್ಲಿ ನಡೆದದ್ದಕ್ಕೆ ಅವನ ಮತ ಬೇಕಾಗಿಲ್ಲ, ಅವನ ಹುದ್ದೆ ಸಾಕು.

ಜನಾಂಗಹತ್ಯೆಯ ಪರಿಕಲ್ಪನೆಯನ್ನು 1944ರಲ್ಲಿ ರೂಪಿಸಿದ ರಾಫೆಲ್ ಲೆಮ್ಕಿನ್, ಜನರನ್ನು ಕೊಲ್ಲುವುದರ ಜತೆಗೆ ಒಂದು ಸಮುದಾಯದ ಧರ್ಮ, ಸಂಸ್ಕೃತಿಗಳ ಬೇರು ಕೀಳುವುದನ್ನೂ ಅದರಲ್ಲಿ ಸೇರಿಸಿದ್ದ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಯಲ್ಲಿ ಆ ಸಾಂಸ್ಕೃತಿಕ ಭಾಗವನ್ನು ಕೈಬಿಡಲಾಯಿತು. ಹಾಗಾಗಿ ಕಾನೂನಿನ ಅಳತೆಯಲ್ಲಿ ಅಬ್ಬಲೂರು ಜನಾಂಗಹತ್ಯೆಯಲ್ಲ, ನನ್ನ ಅಳತೆಯಲ್ಲಿಯೂ ಅಲ್ಲ. ಆದರೆ ಅದೇ ಒಡಂಬಡಿಕೆಯ ಮೊದಲ ವಿಧಿ ತಡೆಯುವ ಹೊಣೆಯನ್ನೂ ಹೊರಿಸುತ್ತದೆ. 1995ರ ಸ್ರೆಬ್ರೆನಿಸಾ ಕೊಲೆಗಳ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಾಲಯ 2007ರಲ್ಲಿ ಹೇಳಿದ್ದು ಇದನ್ನೇ: ಸರ್ಬಿಯಾ ತಾನೇ ಕೊಲ್ಲಲಿಲ್ಲ, ಆದರೆ ತಡೆಯುವ ಪ್ರಭಾವ ಇದ್ದೂ ತಡೆಯಲಿಲ್ಲ. 1994ರ ಜನವರಿಯಲ್ಲಿ ರುವಾಂಡದಿಂದ ವಿಶ್ವಸಂಸ್ಥೆಯ ಸೇನಾಧಿಕಾರಿ ದಲೇರ್ ಕಳಿಸಿದ ಎಚ್ಚರಿಕೆಯ ತಂತಿಗೆ ನ್ಯೂಯಾರ್ಕಿನಿಂದ ಬಂದದ್ದು, ಕೈಹಾಕಬೇಡ ಎಂಬ ಉತ್ತರ. ಏಪ್ರಿಲ್‌ನಲ್ಲಿ ಕೊಲೆ ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ಅಲ್ಲಿನ ಪಡೆಯನ್ನು 270ಕ್ಕೆ ಇಳಿಸಲು ಗೊತ್ತುಮಾಡಿತು. ಹನ್ನೆರಡನೆಯ ಶತಮಾನದ ಒಂದು ಹಳ್ಳಿಯನ್ನು ಇವುಗಳ ಪಕ್ಕ ಕೂರಿಸುವುದು ಅತಿಯಾಯಿತೆಂದು ಆಕ್ಷೇಪ ಬರಬಹುದು. ಕೊಲೆಯ ಪ್ರಮಾಣದಲ್ಲಿ ಹೋಲಿಕೆಯಿಲ್ಲ, ನಾನು ಹೋಲಿಸುತ್ತಲೂ ಇಲ್ಲ. ದೂರು ತಲುಪಿದ ಮೇಲೆ ಅಧಿಕಾರ ಏನು ಮಾಡಿತು ಎಂಬ ಒಂದು ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ಅಂದಿನ ಕಾಲವೇ ಹಾಗಿತ್ತು ಎಂಬ ಸಮಾಧಾನ ನಡೆಯುವುದಿಲ್ಲ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ವೈಷ್ಣವರ ಅನ್ಯಾಯದ ಬಗ್ಗೆ ವಿಜಯನಗರದ ಬುಕ್ಕರಾಯನಿಗೆ ದೂರಿತ್ತರು. ಬುಕ್ಕ ನಗಲಿಲ್ಲ, ಪಣ ಕೇಳಲಿಲ್ಲ. ವೈಷ್ಣವರ ಕೈಯಲ್ಲಿ ಜೈನರ ಕೈಯಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಶ್ರವಣಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳು, ಉಳಿದ ಹಣದಲ್ಲಿ ಜೀರ್ಣ ಬಸದಿಗಳ ದುರಸ್ತಿ, ಮೇಲ್ವಿಚಾರಣೆ ತಿರುಮಲೆಯ ತಾತಯ್ಯನದು. ಎದುರು ಪಕ್ಷದವನ ಮೇಲೆಯೇ ರಕ್ಷಣೆಯ ಹೊಣೆ ಹೊರಿಸಿದ ಈ ಏರ್ಪಾಡನ್ನು ಸಹಿಷ್ಣುತೆಯ ಪಾಠವೆಂದು ಶಾಲೆಯಲ್ಲಿ ಹೇಳಿಕೊಡುವವರು ಒಂದು ವಿವರವನ್ನು ಬಿಟ್ಟುಬಿಡುತ್ತಾರೆ: ಕಾವಲಿನ ಖರ್ಚಿಗೆ ವರ್ಷಕ್ಕೆ ಮನೆಗೊಂದು ಹಣದಂತೆ ಎತ್ತಿದ್ದು, ದೂರು ಕೊಟ್ಟ ಜೈನರಿಂದಲೇ.