ಮೈಸೂರಿನ ಜಾವಾ ಮತ್ತು ಅದರ ಟೈರು

ಮೈಸೂರೆಂದೊಡನೆ ಅರಮನೆ, ಗಂಧ, ಮಲ್ಲಿಗೆಗಳನ್ನು ನೆನೆಯುವುದು ನಮ್ಮವರ ವಾಡಿಕೆ. ಆ ಸಾಲಿನಲ್ಲಿ ಒಂದು ಮೋಟಾರು ಸೈಕಲ್ಲಿಗೂ ಸ್ಥಾನವುಂಟೆಂಬುದನ್ನು ಮುಂಬಯಿ ಸೀಮೆಯಲ್ಲಿ ಬೆಳೆದ ನಮ್ಮ ಮಕ್ಕಳು ಅರಿಯರು. 1960ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪನೆಯಾಯಿತು. ಚೆಕೊಸ್ಲೊವಾಕಿಯಾದ ಪರವಾನಗಿಯಿಂದ ಅಲ್ಲಿ ತಯಾರಾದ ಗಾಡಿಗಳು ಮೊದಲು ಜಾವಾ ಎಂದೂ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂದೂ ಹೆಸರಾಗಿ ದೇಶವನ್ನೆಲ್ಲ ಸುತ್ತಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು; ಗಾಡಿಗಳು ಮಾತ್ರ ನಿಲ್ಲಲಿಲ್ಲ. ಅಂಥ ಜಾವಾ ಒಂದು ನಮ್ಮ ತೀರ್ಥರೂಪರಿಂದ ನಮಗೆ ಬಂದು, ಇಂದಿಗೂ ಘಣಸೋಲಿಯ ನಮ್ಮ ಮನೆಯ ಮುಂದಿದೆ.

ಹಳೆಯ ಗಾಡಿಯೆಂದರೆ ಜನ ಎಂಜಿನ್ನನ್ನು ಕೇಳುತ್ತಾರೆ, ಬಣ್ಣವನ್ನು ಕೇಳುತ್ತಾರೆ. ಟೈರನ್ನು ಕೇಳುವವರು ವಿರಳ. ಆದರೆ ಗಾಳಿ ತುಂಬಿದ ಟೈರಿಗೆ 1888ರಲ್ಲಿ ಡನ್ಲಪ್ ಎಂಬ ಪಶುವೈದ್ಯನು ಪೇಟೆಂಟು ಪಡೆದಂದಿನಿಂದ ಮೋಟಾರು ಸೈಕಲ್ಲಿನ ಚರಿತ್ರೆಯ ಅರ್ಧಭಾಗ ಟೈರಿನ ಚರಿತ್ರೆಯೇ ಸರಿ. 1969ರಲ್ಲಿ ಮ್ಯಾನ್ ದ್ವೀಪದ ಪಂದ್ಯದಲ್ಲಿ ಮಾಲ್ಕಮ್ ಅಪ್‌ಹಿಲ್ ಎಂಬಾತ ಟ್ರಯಂಫ್ ಬಾನ್‌ವಿಲ್ ಗಾಡಿಯಲ್ಲಿ ಗಂಟೆಗೆ 100 ಮೈಲಿಗೂ ಮಿಗಿಲಾದ ಸರಾಸರಿಯಿಂದ ಒಂದು ಸುತ್ತು ಮುಗಿಸಿದನು. ಆ ಗಾಡಿಗಿದ್ದ ಡನ್ಲಪ್ ಟೈರಿಗೆ ಟಿಟಿ 100 ಎಂಬ ಹೆಸರೇ ನಿಂತಿತು. ಕೀರ್ತಿಯಲ್ಲಿ ಟೈರಿಗೂ ಪಾಲುಂಟು!

ನಮ್ಮ ಜಾವಾದ ಎರಡು ಗಾಲಿಗೂ ಟೈರಿನ ಅಳತೆ 3.25-16, ಅಂದರೆ ಅಗಲ ಮೂರೂಕಾಲು ಅಂಗುಲ, ರಿಮ್ಮಿನ ವ್ಯಾಸ ಹದಿನಾರು ಅಂಗುಲ. ನೋಟಕ್ಕೆ ಠೀವಿಯೆಂದು ಇನ್ನೂ ಅಗಲದ್ದನ್ನು ಹಾಕಿಸುವವರಿದ್ದಾರೆ. ಕಿರಿದಾದ ರಿಮ್ಮು ಟೈರಿನ ಪಕ್ಕಗಳನ್ನು ಒಳಕ್ಕೆ ಹಿಂಡಿ ಅದರ ದುಂಡು ಕೆಡುತ್ತದೆ. ತಿರುವಿನಲ್ಲಿ ಗಾಡಿ ಹೇಳಿದಂತೆ ಕೇಳದು. ಮುಂದಿನ ಟೈರಿಗೆ ಉದ್ದನೆಯ ಗೀರುಗಳಿದ್ದರೆ ಗಾಡಿ ನೇರ ನಡೆಯುತ್ತದೆ. ಹಿಂದಿನದಕ್ಕೆ ಬಿಡಿಬಿಡಿ ಕಟ್ಟೆಗಳಿದ್ದರೆ ನೆಲವನ್ನು ಒದ್ದು ಮುಂದೊತ್ತುತ್ತದೆ. ಮೆತ್ತನೆಯ ರಬ್ಬರು ಬೇಗ ಸವೆದರೂ ಮಳೆಯಲ್ಲಿ ಹೆಚ್ಚು ಹಿಡಿಯುತ್ತದೆ.

ಇಷ್ಟೆಲ್ಲ ಬಲ್ಲ ನಾವೂ ಒಮ್ಮೆ ಮೋಸಹೋದೆವು. ಈ ಅಳತೆಯ ಟೈರು ಸಿಕ್ಕಿದ್ದೇ ಭಾಗ್ಯವೆಂದು, ಅಂಗಡಿಯೊಂದರ ಮೂಲೆಯಲ್ಲಿದ್ದ ಹೊಚ್ಚಹೊಸದನ್ನು ಕೊಂಡುತಂದೆವು. ಆಷಾಢದ ಮಳೆಯಲ್ಲಿ, ಠಾಣೆ-ಬೇಲಾಪುರ ರಸ್ತೆಗೆ ತಿರುಗುವಲ್ಲಿ, ಮುಂದಿನ ಗಾಲಿ ಸರಕ್ಕನೆ ಜಾರಿತು. ಹಿಂದೆ ಕುಳಿತಿದ್ದ ಮಗಳ ಮೊಣಕೈ ತರಚಿತು. ದೇವರ ದಯೆ, ಹಿಂದೆ ಲಾರಿ ಇರಲಿಲ್ಲ. ಮನೆಗೆ ಬಂದು ನೋಡಿದರೆ, ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ: 2308. ಮೊದಲೆರಡು ವಾರ, ಕೊನೆಯೆರಡು ವರ್ಷ. 2008ರ ಇಪ್ಪತ್ತಮೂರನೆಯ ವಾರದ ತಯಾರಿ! ಗೀರುಗಳು ನೀರನ್ನು ಹೊರಗೆ ತಳ್ಳುವುದೇನೋ ನಿಜ. ಆದರೆ ರಸ್ತೆಯ ಸಣ್ಣ ತಗ್ಗುಗಳೊಳಗೆ ಮೆತ್ತಿಕೊಂಡು ಹಿಡಿಯಬೇಕಾದುದು ರಬ್ಬರೇ. ವಯಸ್ಸಾಗಿ ಗಟ್ಟಿಯಾದ ರಬ್ಬರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ತಾರೀಖು ನೋಡದೆ ಒಂದು ಚೆಕ್ಕನ್ನೂ ಪಾಸು ಮಾಡದ ಬ್ಯಾಂಕಿನ ನೌಕರರಾದ ನಾವು ಟೈರಿನ ತಾರೀಖನ್ನು ನೋಡಿರಲಿಲ್ಲ.

ಈ ನವೆಂಬರಿನಲ್ಲೂ ನಮ್ಮ ಜಾವಾಕ್ಕೆ ಹೂಮಾಲೆಯುಂಟು, ಕೆಂಪು ಹಳದಿಯ ಬಾವುಟವುಂಟು. ಅದಕ್ಕೂ ಮೊದಲು ಹೊಸ ಟೈರುಗಳನ್ನು ಹಾಕಿಸಿದ್ದೇವೆ. ಮೈಸೂರಿನ ಮಾಲು ಎಷ್ಟೇ ಗಟ್ಟಿಯಾಗಿರಲಿ, ನೆಲ ಮುಟ್ಟುವ ಭಾಗವನ್ನು ಕಾಲಕಾಲಕ್ಕೆ ಹೊಸದು ಮಾಡಿದರೇನೆ ಹಳೆಯದು ಉಳಿಯುತ್ತದೆ.